ಹೊರದೇಶದ ಸಿನಿಮಾ: ಎಲ್ಲಿಂದ ಶುರು ಮಾಡೋದು?

ದಕ್ಷಿಣ ಕೊರಿಯಾದ ನಿರ್ದೇಶಕ ಬಾಂಗ್ ಜೂನ್-ಹೋ 2020ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ತೆಗೆದುಕೊಳ್ಳುವಾಗ ಒಂದು ಮಾತು ಹೇಳಿದರು. ಸಬ್‌ಟೈಟಲ್ ಅನ್ನೋ ಒಂದು ಇಂಚಿನ ಗೋಡೆ ದಾಟಿದರೆ ಸಾಕು, ಇನ್ನೂ ಎಷ್ಟೋ ಒಳ್ಳೆ ಸಿನಿಮಾಗಳು ನಿಮಗೆ ಸಿಗುತ್ತವೆ ಅಂತ. ಮುಂದಿನ ತಿಂಗಳೇ ಅವರ ‘ಪ್ಯಾರಸೈಟ್’ ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಗೆದ್ದಿತು. ಇಂಗ್ಲಿಷ್ ಅಲ್ಲದ ಭಾಷೆಯ ಸಿನಿಮಾಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಹಾಗಾಗಿ ಆ ಮಾತು ಎಲ್ಲ ಕಡೆ ಓಡಾಡಿತು. ಈಗಲೂ ಓಡಾಡುತ್ತಿದೆ.

ನನಗೆ ಆ ಮಾತು ಇಷ್ಟ. ಆದರೆ ಪೂರ್ತಿ ಒಪ್ಪೋದಿಲ್ಲ.

ಸಬ್‌ಟೈಟಲ್ ಅಷ್ಟು ದೊಡ್ಡ ಕಷ್ಟವೇ ಅಲ್ಲ. ಮೊದಲ ಹತ್ತು ನಿಮಿಷ ಕಣ್ಣು ಮೇಲೆ ಕೆಳಗೆ ಓಡಾಡುತ್ತದೆ, ಆಮೇಲೆ ಓದುತ್ತಿದ್ದೇವೆ ಅನ್ನೋದೇ ಮರೆತುಹೋಗುತ್ತದೆ. 2021ರಲ್ಲಿ ಕೊರಿಯಾದ ‘ಸ್ಕ್ವಿಡ್ ಗೇಮ್’ ಸೀರೀಸ್ ಬಂದಾಗ ಜನ ರಾತ್ರಿಯೆಲ್ಲ ಕೂತು ನೋಡಿದರು. ಅಯ್ಯೋ ಓದಬೇಕಲ್ಲ ಅಂತ ಅದನ್ನು ಬಿಟ್ಟವರನ್ನು ನಾನಂತೂ ಕಂಡಿಲ್ಲ. ಗೋಡೆ ಇರೋದು ಬೇರೆ ಕಡೆ. ಸಿನಿಮಾ ನೋಡುವಾಗ ನಮ್ಮ ಮನಸ್ಸು ಒಂದೇ ಪ್ರಶ್ನೆ ಕೇಳುತ್ತಿರುತ್ತದೆ: ಮುಂದೇನಾಯ್ತು? ಚಿಕ್ಕಂದಿನಿಂದ ಕಥೆ ಕೇಳಿದ್ದೇ ಹಾಗೆ. ಆದರೆ ಪ್ರಪಂಚದ ಎಷ್ಟೋ ಒಳ್ಳೆ ಸಿನಿಮಾಗಳು ಆ ಪ್ರಶ್ನೆಗೆ ಬೇಗ ಉತ್ತರ ಕೊಡೋದಿಲ್ಲ. ಕೆಲವಕ್ಕೆ ಆ ಪ್ರಶ್ನೆಯಲ್ಲಿ ಆಸಕ್ತಿಯೇ ಇಲ್ಲ. ಅಂಥದ್ದೊಂದನ್ನು ಮೊದಲನೇ ಸಲವೇ ಕೈಗೆ ಕೊಟ್ಟರೆ ನೋಡುವವರು ಅರ್ಧಕ್ಕೆ ಎದ್ದು ಹೋಗುತ್ತಾರೆ, ಹೋಗಿ “ಸಬ್‌ಟೈಟಲ್ ಓದೋಕೆ ಆಗಲ್ಲಪ್ಪ” ಅಂತಾರೆ. ತಪ್ಪು ಸಬ್‌ಟೈಟಲ್‌ದಲ್ಲ, ಆರಿಸಿ ಕೊಟ್ಟವರದ್ದು.

ಇದಕ್ಕೆ ‘ಸಾರ್ವಕಾಲಿಕ ಶ್ರೇಷ್ಠ 100’ ಅನ್ನೋ ಪಟ್ಟಿಗಳೂ ಕಾರಣ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಒಂದು ಪಟ್ಟಿ ಮಾಡುತ್ತದೆ. 2022ರ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 1975ರ ‘ಝಾನ್ ಡೀಲ್ಮನ್’ ಚಿತ್ರಕ್ಕೆ. ಬೆಲ್ಜಿಯಂನ ಶಾಂತಾಲ್ ಆಕರ್ಮನ್ ತಮಗೆ 25 ತುಂಬುವ ಮೊದಲೇ ಮಾಡಿದ ಸಿನಿಮಾ ಅದು. ಉದ್ದ 3 ಗಂಟೆ 21 ನಿಮಿಷ. ಒಬ್ಬ ವಿಧವೆಯ ಮೂರು ದಿನದ ಬದುಕು, ಅದರಲ್ಲಿ ಹೆಚ್ಚು ಪಾಲು ಮನೆಕೆಲಸ. ಆಲೂಗಡ್ಡೆ ಸುಲಿಯುವುದನ್ನು ಆಲೂಗಡ್ಡೆ ಸುಲಿಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೋರಿಸುತ್ತಾರೆ. ಅಸಾಧಾರಣ ಸಿನಿಮಾ, ಸುಳ್ಳಲ್ಲ. ಎರಡನೇ ದಿನ ಆ ಆಲೂಗಡ್ಡೆ ಪಾತ್ರೆ ಒಲೆ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ಇದ್ದುಬಿಟ್ಟಾಗ ನೋಡುವವರ ಎದೆ ಹೊಡೆದುಕೊಳ್ಳುತ್ತದೆ. ಆದರೆ ಅಲ್ಲಿಗೆ ಮುಟ್ಟೋಕೆ ತಾಳ್ಮೆ ಬೇಕು, ಆ ತಾಳ್ಮೆ ಬೇರೆ ಸಿನಿಮಾಗಳನ್ನು ನೋಡಿ ಬರಬೇಕು. ನಂಬರ್ ಒನ್ ಅಂತ ಇದರಿಂದಲೇ ಶುರು ಮಾಡಿದವರ ಗತಿ ಏನು ಹೇಳಿ.

ಯಾರಾದರೂ ಕೇಳಿದರೆ ನಾನು ಮೊದಲು ಹೇಳೋದು ಬೇರೆ ಥರದ ಸಿನಿಮಾ. ಒಬ್ಬ ಮನುಷ್ಯನಿಗೆ ಒಂದು ಸಣ್ಣ ವಸ್ತು ಬೇಕು. ಅದು ಸಿಗುತ್ತಾ ಇಲ್ವಾ. ಅಷ್ಟೇ ಕಥೆ. ‘ಮುಂದೇನಾಯ್ತು’ ಅನ್ನೋ ಪ್ರಶ್ನೆಗೂ ಉತ್ತರ ಸಿಗುತ್ತಿರುತ್ತದೆ, ಅದರ ಜೊತೆಗೇ ಸುಮ್ನೆ ನೋಡೋದು ಹೇಗೆ ಅನ್ನೋದೂ ಅಭ್ಯಾಸವಾಗುತ್ತದೆ.

‘ಬೈಸಿಕಲ್ ಥೀವ್ಸ್’ ಇದರಲ್ಲಿ ಮೊದಲನೆಯದು. 1948ರ ಇಟಲಿ ಸಿನಿಮಾ, ನಿರ್ದೇಶಕ ವಿಟ್ಟೋರಿಯೋ ಡಿ ಸಿಕಾ. ಯುದ್ಧ ಮುಗಿದ ಮೇಲಿನ ರೋಮ್. ಕೆಲಸ ಇಲ್ಲದ ಆಂಟೋನಿಯೋಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇರಲೇಬೇಕು. ಸೈಕಲ್ ಅಡ ಇಟ್ಟಾಗಿದೆ. ಹೆಂಡತಿ ಮಾರಿಯಾ ಹಾಸಿಗೆ ಮೇಲಿನ ಬೆಡ್‌ಶೀಟುಗಳನ್ನೆಲ್ಲ ಎಳೆದು ಗಂಟು ಕಟ್ಟುತ್ತಾಳೆ. ಅವನ್ನು ಅಡ ಇಟ್ಟು ಸೈಕಲ್ ಬಿಡಿಸಿಕೊಳ್ಳುವುದು. ಇಲ್ಲೊಂದು ದೃಶ್ಯ ಇದೆ. ಗಿರವಿ ಅಂಗಡಿಯವನು ಆ ಗಂಟನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೋಗುತ್ತಾನೆ, ಅಲ್ಲಿ ಕಪಾಟಿನಂಥ ಅಟ್ಟಣಿಗೆ, ಅದರ ತುಂಬ ಬೇರೆ ಬೇರೆ ಮನೆಗಳ ಬೆಡ್‌ಶೀಟು ಗಂಟುಗಳು, ಅವನು ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ, ಕ್ಯಾಮೆರಾ ಅವನ ಜೊತೆ ಮೇಲೆ ಹೋಗುತ್ತದೆ, ಕೊನೆಗೂ ತುದಿಯಲ್ಲಿ ಸ್ವಲ್ಪ ಜಾಗ ಸಿಗುತ್ತದೆ. ಒಂದು ಊರೆಲ್ಲ ಬಡತನದಲ್ಲಿದೆ ಅಂತ ಹೇಳೋಕೆ ಡಿ ಸಿಕಾಗೆ ಒಂದು ಡೈಲಾಗೂ ಬೇಕಾಗಲಿಲ್ಲ. ಅಲ್ಲಿ ಸಬ್‌ಟೈಟಲ್ಲೂ ಇರೋದಿಲ್ಲ.

ಕೆಲಸದ ಮೊದಲ ದಿನವೇ ಸೈಕಲ್ ಕಳವಾಗುತ್ತದೆ. ಆಮೇಲೆ ಅಪ್ಪ ಮಗ ಇಬ್ಬರೂ ಹುಡುಕುತ್ತಾ ಅಲೆಯುತ್ತಾರೆ. ನಡುವೆ ಸೋತು ಸುಣ್ಣವಾಗಿ ಒಂದು ಹೋಟೆಲ್‌ಗೆ ಹೋಗುತ್ತಾರೆ. ಮಗ ಬ್ರೂನೋ ಚೀಸ್ ಎಳೆದೆಳೆದು ತಿನ್ನುತ್ತಾ ಪಕ್ಕದ ಟೇಬಲ್ಲಿನ ಶ್ರೀಮಂತರ ಹುಡುಗನ ಕಡೆ ತಿರುತಿರುಗಿ ನೋಡುತ್ತಾನೆ. ಅಪ್ಪ ಅವನ ಕೈಗೆ ಪೆನ್ಸಿಲ್ ಕೊಟ್ಟು, ಸೈಕಲ್ ಇದ್ದಿದ್ದರೆ ತಿಂಗಳಿಗೆ ಎಷ್ಟು ಸಂಬಳ ಬರುತ್ತಿತ್ತು ಅಂತ ಲೆಕ್ಕ ಬರೆಸುತ್ತಾನೆ. ಆ ಲೆಕ್ಕ ನನಗೆ ಕೊನೆಯ ದೃಶ್ಯಕ್ಕಿಂತ ಜಾಸ್ತಿ ಕಾಡಿದ್ದು.

ಆಂಟೋನಿಯೋ ಪಾತ್ರ ಮಾಡಿದ ಲಾಂಬೆರ್ಟೋ ಮಜ್ಜೊರಾನಿ ನಟನಲ್ಲ, ಕಾರ್ಖಾನೆ ಕೆಲಸಗಾರ. ಹಾಲಿವುಡ್‌ನ ದೊಡ್ಡ ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ದುಡ್ಡು ಹಾಕೋಕೆ ತಯಾರಿದ್ದರು, ಆದರೆ ಆ ಪಾತ್ರಕ್ಕೆ ಹಾಲಿವುಡ್ ಸ್ಟಾರ್ ಕ್ಯಾರಿ ಗ್ರಾಂಟ್ ಬೇಕು ಅಂದರು. ಡಿ ಸಿಕಾ ಒಪ್ಪಲಿಲ್ಲ. ಒಪ್ಪಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ನಗು ಬರುತ್ತದೆ. ಕ್ಯಾರಿ ಗ್ರಾಂಟ್ ಸೈಕಲ್ ಕಳೆದುಕೊಂಡರೆ ಯಾರಿಗೆ ಚಿಂತೆ? ಇನ್ನೊಂದು ಕೊಳ್ಳುತ್ತಾನೆ.

ಇದೇ ದಾರಿಯಲ್ಲಿ ಇರಾನಿನ ಎರಡು ಸಿನಿಮಾ ಇವೆ. ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’, 1997ರದ್ದು. ಅಣ್ಣ ಅಲಿ ತಂಗಿ ಝಹ್ರಾಳ ಶೂ ಕಳೆದುಹಾಕುತ್ತಾನೆ. ಅಪ್ಪನಿಗೆ ಹೇಳುವ ಹಾಗಿಲ್ಲ, ಹೊಸದು ಕೊಡಿಸೋಕೆ ದುಡ್ಡಿಲ್ಲ ಅಂತ ಮಕ್ಕಳಿಗೂ ಗೊತ್ತು. ಅಪ್ಪ ಅಮ್ಮ ಎದುರಿಗೇ ಕೂತಿರುವಾಗ ಅಣ್ಣ ತಂಗಿ ಇಬ್ಬರೂ ಹೋಂವರ್ಕ್ ಮಾಡುವವರ ಹಾಗೆ ನೋಟ್‌ಬುಕ್‌ನಲ್ಲಿ ಬರೆದು ಬರೆದು ಜಗಳ ಆಡುತ್ತಾರೆ. ಕೊನೆಗೆ ಅಣ್ಣನ ಒಂದೇ ಜೊತೆ ಶೂ ಇಬ್ಬರಿಗೂ ಅಂತ ಆಗುತ್ತದೆ. ಅವಳ ಶಾಲೆ ಬೆಳಗ್ಗೆ, ಇವನದ್ದು ಆಮೇಲೆ. ದಿನಾ ಓಟ. ಮುಂದೆ ಒಂದು ಓಟದ ಸ್ಪರ್ಧೆ ಬರುತ್ತದೆ, ಅದರಲ್ಲಿ ಶೂ ಇರೋದು ಮೂರನೇ ಬಹುಮಾನಕ್ಕೆ. ಒಂದನೇ ಸ್ಥಾನ ಬೇಡ, ಎರಡನೇದೂ ಬೇಡ, ಸರಿಯಾಗಿ ಮೂರನೇಯವನಾಗಿ ಬರಬೇಕು ಅಂತ ಓಡುವ ಹುಡುಗನನ್ನು ನೋಡಿದ್ದೀರಾ ಎಲ್ಲಾದರೂ? ಆಸ್ಕರ್‌ನ ವಿದೇಶಿ ಭಾಷೆ ವಿಭಾಗದಲ್ಲಿ ಕೊನೆಯ ಸುತ್ತಿಗೆ ಬಂದ ಮೊದಲ ಇರಾನಿ ಚಿತ್ರ ಇದು. ಮಕ್ಕಳ ಜೊತೆ ನೋಡೋಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಇನ್ನೊಂದು ಅಬ್ಬಾಸ್ ಕಿಯರೊಸ್ತಮಿಯ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್?’, 1987ರದ್ದು. ಇದು ಸ್ವಲ್ಪ ನಿಧಾನ. ಅಹ್ಮದ್ ಅನ್ನೋ ಹುಡುಗ ಪಕ್ಕದಲ್ಲಿ ಕೂರುವವನ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿದ್ದಾನೆ. ನಾಳೆ ಆ ನೋಟ್‌ಬುಕ್‌ನಲ್ಲಿ ಹೋಂವರ್ಕ್ ಇಲ್ಲದಿದ್ದರೆ ಮೇಷ್ಟ್ರು ಆ ಹುಡುಗನನ್ನು ಶಾಲೆಯಿಂದಲೇ ಹೊರಗೆ ಹಾಕುತ್ತಾರೆ. ಹಾಗಾಗಿ ವಾಪಸ್ ಕೊಡಬೇಕು. ಸ್ನೇಹಿತನ ಊರು ಗುಡ್ಡದ ಆಚೆ, ಮನೆ ಯಾವುದು ಅಂತ ಗೊತ್ತಿಲ್ಲ. ಮಜಾ ಇರೋದು ದೊಡ್ಡವರಲ್ಲಿ. ಅಮ್ಮನಿಗೆ ಇವನು ಹೇಳಿದ್ದು ಕಿವಿಗೇ ಬೀಳೋದಿಲ್ಲ, ಮಗು ತೂಗು, ಅದು ತಾ, ಇದು ಮಾಡು, ಹೋಂವರ್ಕ್ ಮುಗಿಸು. ತಾತ ತನ್ನ ಹತ್ತಿರ ಸಿಗರೇಟು ಇದ್ದರೂ ಸುಮ್ನೆ ಮೊಮ್ಮಗನನ್ನು ಸಿಗರೇಟು ತಾ ಅಂತ ಓಡಿಸುತ್ತಾನೆ, ಶಿಸ್ತು ಕಲಿಯಲಿ ಅಂತ. ನಮ್ಮಪ್ಪ ನನಗೆ ವಾರಕ್ಕೊಮ್ಮೆ ಕಾಸು ಕೊಡುತ್ತಿದ್ದ, ಹದಿನೈದು ದಿನಕ್ಕೊಮ್ಮೆ ಹೊಡೆಯುತ್ತಿದ್ದ, ಕಾಸು ಕೊಡೋದು ಕೆಲವು ಸಲ ಮರೆಯುತ್ತಿದ್ದ, ಹೊಡೆಯೋದು ಮಾತ್ರ ಯಾವತ್ತೂ ಮರೆಯಲಿಲ್ಲ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ ಆ ತಾತ. ಒಂದೂವರೆ ಗಂಟೆಯೂ ಇಲ್ಲದ ಸಿನಿಮಾ. ಇದನ್ನು ತೆಗೆದದ್ದು ಕೋಕರ್ ಅನ್ನೋ ಹಳ್ಳಿಯಲ್ಲಿ. 1990ರಲ್ಲಿ ಆ ಕಡೆ ಭೀಕರ ಭೂಕಂಪ ಆಯಿತು. ಸಿನಿಮಾದಲ್ಲಿ ಇದ್ದ ಮಕ್ಕಳು ಬದುಕಿದ್ದಾರಾ ಅಂತ ಹುಡುಕಿಕೊಂಡು ಹೋಗುವ ನಿರ್ದೇಶಕನ ಕಥೆಯನ್ನೇ ಕಿಯರೊಸ್ತಮಿ ಮುಂದೆ 1992ರಲ್ಲಿ ಇನ್ನೊಂದು ಸಿನಿಮಾ ಮಾಡಿದರು, ‘ಅಂಡ್ ಲೈಫ್ ಗೋಸ್ ಆನ್’ ಅಂತ. ಎರಡನ್ನೂ ಒಂದಾದ ಮೇಲೆ ಒಂದು ನೋಡಿ. ಎರಡನೆಯದು ಮುಗಿಯುವ ರೀತಿ ನನಗೆ ಇಷ್ಟು ವರ್ಷಗಳಲ್ಲಿ ಬೇರೆ ಎಲ್ಲೂ ಸಿಕ್ಕಿಲ್ಲ.

ಇಷ್ಟು ಸಾವಧಾನ ನಮಗಾಗಲ್ಲ, ಓಡುವ ಸಿನಿಮಾ ಹೇಳಿ ಅನ್ನುವವರಿಗೆ ಬೇಕಾದಷ್ಟಿವೆ. ಜರ್ಮನಿಯ ‘ರನ್ ಲೋಲಾ ರನ್’ (1998): 20 ನಿಮಿಷದಲ್ಲಿ 1,00,000 ಮಾರ್ಕ್ ಹೊಂದಿಸಬೇಕು, ಹುಡುಗಿ ಓಡುತ್ತಾಳೆ, ಒಂದೇ ಓಟ ಮೂರು ಸಲ, ಮೂರು ಥರ. ಅರ್ಜೆಂಟೀನಾದ ‘ವೈಲ್ಡ್ ಟೇಲ್ಸ್’ (2014): ಕೋಪದ ಬಗ್ಗೆ ಆರು ಕಥೆ, ಒಂದಕ್ಕೊಂದು ಸಂಬಂಧ ಇಲ್ಲ, ಕೊನೆಯ ಮದುವೆ ಮನೆ ಕಥೆಯಂತೂ ನೋಡಿಯೇ ತೀರಬೇಕು. ಅದೇ ದೇಶದ್ದು ‘ದಿ ಸೀಕ್ರೆಟ್ ಇನ್ ದೇರ್ ಐಸ್’ (2009), ಆಕಾಶದಿಂದ ಇಳಿದು ಫುಟ್‌ಬಾಲ್ ಮೈದಾನದ ಜನಜಂಗುಳಿ ಒಳಗೆ ನುಗ್ಗುವ ಒಂದು ಉದ್ದನೆಯ ಶಾಟ್ ಇದೆ ಅದರಲ್ಲಿ, ಎಲ್ಲೂ ಕಟ್ ಆದ ಹಾಗೆ ಕಾಣೋದಿಲ್ಲ. ಕೊರಿಯಾದ ಝೋಂಬಿ ಸಿನಿಮಾ ‘ಟ್ರೈನ್ ಟು ಬುಸಾನ್’ (2016) ಬಗ್ಗೆ ನಾನು ಹೇಳುವ ಅಗತ್ಯವೇ ಇಲ್ಲ.

ಬೋಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’ (2001) ನೆನಪಿದೆಯಾ? ‘ಲಗಾನ್’ ಆಸ್ಕರ್ ಸೋತದ್ದು ಇದಕ್ಕೇ. ಆಗ ನಮ್ಮವರು ಎಷ್ಟು ಬೈದುಕೊಂಡರು. ಬೈದವರಲ್ಲಿ ಆ ಸಿನಿಮಾ ನೋಡಿದವರು ಕಮ್ಮಿ. ಎರಡು ಸೈನ್ಯಗಳ ನಡುವಿನ ಒಂದು ಕಂದಕದಲ್ಲಿ ಆ ಕಡೆಯವನೊಬ್ಬ, ಈ ಕಡೆಯವನೊಬ್ಬ ಸಿಕ್ಕಿಬಿದ್ದಿದ್ದಾರೆ. ಮೂರನೆಯವನು ಮಲಗಿದ್ದಾನೆ, ಅವನ ಬೆನ್ನಿನ ಕೆಳಗೆ ಬಾಂಬು. ಅವನು ಎದ್ದರೆ ಎಲ್ಲರೂ ಹೋದರು. ಯುದ್ಧ ಶುರು ಮಾಡಿದ್ದು ಯಾರು ಅಂತ ಮಿಕ್ಕ ಇಬ್ಬರಿಗೂ ಜಗಳ. ಯಾರ ಕೈಯಲ್ಲಿ ಬಂದೂಕು ಇದೆಯೋ ಅವನು ಹೇಳಿದ್ದೇ ಸರಿ. ಸ್ವಲ್ಪ ಹೊತ್ತಿಗೆ ಬಂದೂಕು ಕೈ ಬದಲಾಗುತ್ತದೆ, ಉತ್ತರವೂ ಬದಲಾಗುತ್ತದೆ. ‘ಲಗಾನ್’ ನನಗೂ ಇಷ್ಟ, ಆದರೆ ಅವತ್ತಿನ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ.

ಬಾಂಗ್ ಅವರದ್ದೇ ನೋಡುವುದಾದರೆ ‘ಪ್ಯಾರಸೈಟ್’ಗಿಂತ ನನಗೆ ‘ಮೆಮೊರೀಸ್ ಆಫ್ ಮರ್ಡರ್’ (2003) ಹೆಚ್ಚು. ಕೊರಿಯಾದ ಒಂದು ಹಳ್ಳಿಗಾಡಿನಲ್ಲಿ ನಿಜವಾಗಿ ನಡೆದ ಸರಣಿ ಕೊಲೆಗಳ ಕಥೆ. ಸಿನಿಮಾ ಬಂದಾಗ ಕೊಲೆಗಾರ ಸಿಕ್ಕಿರಲಿಲ್ಲ. ಕೊನೆಯ ಶಾಟ್‌ನಲ್ಲಿ ನಟ ಸಾಂಗ್ ಕಾಂಗ್-ಹೋ ನೇರ ಕ್ಯಾಮೆರಾ ಕಡೆ ನೋಡುತ್ತಾರೆ. ಆ ಕೊಲೆಗಾರ ಸಿನಿಮಾ ನೋಡೋಕೆ ಬಂದೇ ಬರುತ್ತಾನೆ, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಅನ್ನೋದು ನಿರ್ದೇಶಕರ ಉದ್ದೇಶ. 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಆ ಮನುಷ್ಯ ಪತ್ತೆಯಾದ, ಅದಾಗಲೇ ಬೇರೊಂದು ಕೊಲೆಗೆ ಜೈಲಿನಲ್ಲಿದ್ದ. ಈಗ ಆ ನೋಟ ನೋಡುವುದೇ ಬೇರೆ ಅನುಭವ.

ಇಷ್ಟಾದ ಮೇಲೆ ‘ಎ ಸೆಪರೇಷನ್’ಗೆ ಬನ್ನಿ. ಅಸ್ಗರ್ ಫರ್ಹಾದಿ, 2011, ಮತ್ತೆ ಇರಾನ್. ಒಂದೇ ಒಂದು ಸಿನಿಮಾ ಹೇಳು ಅಂದರೆ ನಾನು ಹೇಳೋದು ಇದನ್ನೇ. ಯಾಕೆಂದರೆ ಇದು ‘ಮುಂದೇನಾಯ್ತು’ ಅಂತ ಕೂರಿಸಿಕೊಂಡು, ನಮಗೆ ಗೊತ್ತಾಗದ ಹಾಗೆ ಪ್ರಶ್ನೆಯನ್ನೇ ಬದಲಾಯಿಸಿಬಿಡುತ್ತದೆ. ‘ಸರಿ ಯಾರದ್ದು?’ ಅಂತ. ಮೊದಲ ದೃಶ್ಯದಲ್ಲಿ ಗಂಡ ಹೆಂಡತಿ ಇಬ್ಬರೂ ನ್ಯಾಯಾಧೀಶರ ಮುಂದೆ ಕೂತು ವಿಚ್ಛೇದನದ ವಾದ ಮಾಡುತ್ತಿರುತ್ತಾರೆ. ನ್ಯಾಯಾಧೀಶರ ಮುಖ ಕಾಣೋದಿಲ್ಲ, ಕ್ಯಾಮೆರಾ ಇರೋದೇ ಅವರ ಜಾಗದಲ್ಲಿ. ಅಂದರೆ ಅವರು ಮಾತಾಡುತ್ತಿರೋದು ನಮ್ಮ ಹತ್ತಿರ. ತೀರ್ಪು ಕೊಡಬೇಕಾದವರು ನಾವು. ಸಿಮಿನ್‌ಗೆ ದೇಶ ಬಿಟ್ಟು ಹೋಗಬೇಕು, ಮಗಳ ಭವಿಷ್ಯಕ್ಕೆ. ನಾದೆರ್‌ಗೆ ಮರೆವಿನ ಕಾಯಿಲೆಯ ಅಪ್ಪನನ್ನು ಬಿಟ್ಟು ಹೋಗೋಕಾಗಲ್ಲ. ನೀನು ಅವರ ಮಗ ಅಂತ ಅವರಿಗೆ ಗೊತ್ತಾ ಅಂತ ಅವಳು ಕೇಳುತ್ತಾಳೆ. ಅವರು ನನ್ನಪ್ಪ ಅಂತ ನನಗೆ ಗೊತ್ತಲ್ಲ ಅಂತ ಇವನು. ಈಗ ಹೇಳಿ, ಯಾರ ಕಡೆ ಸೇರುತ್ತೀರಿ?

ಹೆಂಡತಿ ತವರಿಗೆ ಹೋದ ಮೇಲೆ ಅಪ್ಪನನ್ನು ನೋಡಿಕೊಳ್ಳೋಕೆ ರಝಿಯೆ ಅನ್ನೋ ಬಡ ಹೆಂಗಸು ಬರುತ್ತಾಳೆ. ಮೊದಲ ದಿನವೇ ಮುದುಕ ಬಟ್ಟೆಯಲ್ಲೇ ಮಾಡಿಕೊಳ್ಳುತ್ತಾನೆ. ಗಂಡಸಿನ ಬಟ್ಟೆ ಬದಲಾಯಿಸಬೇಕು, ಧರ್ಮದ ಪ್ರಕಾರ ಪಾಪ ಆಗುತ್ತದಾ ಅಂತ ಅವಳಿಗೆ ಭಯ. ಫೋನ್ ಮಾಡಿ ಧರ್ಮ ತಿಳಿದವರನ್ನು ಕೇಳುತ್ತಾಳೆ. ಪಕ್ಕದಲ್ಲಿ ನಿಂತ ಅವಳ ಪುಟ್ಟ ಮಗಳು, ನಾನು ಅಪ್ಪನಿಗೆ ಹೇಳೋದಿಲ್ಲ ಅನ್ನುತ್ತಾಳೆ. ಆ ಮನೆಯಲ್ಲಿ ಮುಂದೆ ನಡೆಯುವ ಅನಾಹುತಕ್ಕೆಲ್ಲ ಬೀಜ ಇರೋದು ಆ ಪುಟ್ಟ ಮಾತಿನಲ್ಲಿ. ಇದರಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಎಲ್ಲರಿಗೂ ಕಾರಣ ಇದೆ, ಆ ಕಾರಣಗಳೆಲ್ಲ ಪ್ರೀತಿಯಿಂದ ಹುಟ್ಟಿದವು. ಪೆಟ್ರೋಲ್ ಬಂಕ್‌ನಲ್ಲಿ ಮಗಳು ಚಿಲ್ಲರೆ ಬಿಟ್ಟು ಬಂದಾಗ ನಾದೆರ್ ಅವಳನ್ನು ವಾಪಸ್ ಕಳಿಸಿ ಇಸ್ಕೊಂಡು ಬಾ ಅನ್ನುತ್ತಾನೆ, ಕಾರಿನ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿರುತ್ತಾನೆ, ತಂದಾಗ ಅದನ್ನು ಅವಳಿಗೇ ಕೊಡುತ್ತಾನೆ. ನೆಟ್ಟಗೆ ನಿಲ್ಲೋದು ಕಲಿಸಿದ ಅಪ್ಪನೇ ಮುಂದೆ ಸುಳ್ಳು ಹೇಳಿದಾಗ ಆ ಮಗಳ ಮುಖ ನೋಡಬೇಕು. ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಬಂತು, ಇರಾನಿಗೆ ಮೊದಲ ಆಸ್ಕರ್ ಬಂತು. ಪ್ರಶಸ್ತಿ ಬಿಡಿ, ಸಿನಿಮಾ ಮುಗಿದ ಮೇಲೆ ಜೊತೆಗೆ ನೋಡಿದವರ ನಡುವೆ ಜಗಳ ಗ್ಯಾರಂಟಿ. ಮದುವೆಯಾದವರು ಹುಷಾರು.

ಫರ್ಹಾದಿ ಹಿಡಿಸಿದರೆ ನೀವು ಅರ್ಧ ದಾರಿ ಬಂದಿದ್ದೀರಿ ಅಂತ ಅರ್ಥ. ಈಗ ಜಪಾನಿಗೆ ಹೋಗಬಹುದು, ಏನೂ ನಡೆಯದ ಸಿನಿಮಾಗಳಿಗೆ.

ಯಸುಜಿರೋ ಒಝು ಅವರ ‘ಟೋಕಿಯೋ ಸ್ಟೋರಿ’ (1953) ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಒನೊಮಿಚಿ ಅನ್ನೋ ಊರಿಂದ ವಯಸ್ಸಾದ ಅಪ್ಪ ಅಮ್ಮ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡೋಕೆ ಬರುತ್ತಾರೆ. ಮಗ ಡಾಕ್ಟರು, ಮಗಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಯಾರೂ ಕೆಟ್ಟವರಲ್ಲ, ಯಾರಿಗೂ ಪುರುಸೊತ್ತಿಲ್ಲ. ಇಬ್ಬರೂ ಸ್ವಲ್ಪ ದುಡ್ಡು ಹಾಕಿ ಅಪ್ಪ ಅಮ್ಮನನ್ನು ಅಟಾಮಿಯ ಬಿಸಿನೀರಿನ ಬುಗ್ಗೆಗೆ ಕಳಿಸಿಬಿಡುತ್ತಾರೆ. ಅಲ್ಲಿ ರಾತ್ರಿಯೆಲ್ಲ ಹುಡುಗರ ಗಲಾಟೆ, ನಿದ್ದೆ ಇಲ್ಲ, ಬೇಗ ವಾಪಸ್ ಬಂದರೆ ಮಗಳ ಮುಖ ಸಣ್ಣದಾಗುತ್ತದೆ. ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೋ ಒಬ್ಬಳೇ ಅವರಿಗಾಗಿ ಕೆಲಸಕ್ಕೆ ರಜೆ ಹಾಕುವವಳು. ಕ್ಯಾಮೆರಾ ನೆಲಕ್ಕೆ ಹತ್ತಿರ, ಚಾಪೆ ಮೇಲೆ ಕೂತವರ ಕಣ್ಣಿನ ಎತ್ತರದಲ್ಲಿ ಇರುತ್ತದೆ, ಅಲುಗಾಡೋದೇ ಇಲ್ಲ ಅನ್ನಬಹುದು. ಅಪ್ಪನ ಪಾತ್ರ ಮಾಡಿದ ಚಿಶು ರ‍್ಯೂಗೆ ಆಗ ಇನ್ನೂ 49.

ಆದರೆ ಒಝುಗಿಂತ ಮೊದಲು ಕೋರೆ-ಎಡ ನೋಡಿ ಅಂತ ನನ್ನ ಸಲಹೆ. ಇದಕ್ಕೆ ಸಿನಿಮಾ ಪಂಡಿತರು ಬೈಯಬಹುದು, ಬೈಯಲಿ. ಹಿರೊಕಾಜು ಕೋರೆ-ಎಡ 2018ರಲ್ಲಿ ‘ಶಾಪ್‌ಲಿಫ್ಟರ್ಸ್’ಗೆ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ದೋರ್ ಗೆದ್ದವರು. ನನಗೆ ಅವರ ‘ಸ್ಟಿಲ್ ವಾಕಿಂಗ್’ (2008) ಪ್ರಾಣ. ತಮ್ಮ ತಾಯಿ ತೀರಿಕೊಂಡ ಮೇಲೆ ಮಾಡಿದ ಸಿನಿಮಾ ಇದು. ಒಂದು ಹಗಲು, ಒಂದು ರಾತ್ರಿ, ಮಾರನೇ ಬೆಳಗ್ಗೆ, ಹೆಚ್ಚುಕಮ್ಮಿ ಅಷ್ಟೇ. ದೊಡ್ಡ ಮಗ ಜುನ್‌ಪೇ ವರ್ಷಗಳ ಹಿಂದೆ ಸಮುದ್ರದಲ್ಲಿ ಮುಳುಗುತ್ತಿದ್ದ ಒಬ್ಬ ಹುಡುಗನನ್ನು ಉಳಿಸೋಕೆ ಹೋಗಿ ಸತ್ತಿದ್ದಾನೆ. ಅವನ ತಿಥಿಗೆ ಎಲ್ಲರೂ ಸೇರುತ್ತಾರೆ. ಅಡುಗೆಮನೆಯಲ್ಲಿ ಅಮ್ಮ ಜೋಳದ ಕಾಳು ಬಿಡಿಸಿ ಎಣ್ಣೆಯಲ್ಲಿ ಕರಿಯುತ್ತಾಳೆ, ಕಾಳು ಪಟಪಟ ಸಿಡಿಯುತ್ತದೆ, ಆ ಸದ್ದಿಗೆ ಮೊಮ್ಮಕ್ಕಳೆಲ್ಲ ಓಡಿಬರುತ್ತಾರೆ, ತಾನೂ ಬಂದು ಕೂರೋಕೆ ಆಸೆಯಿದ್ದರೂ ಬಿಗುಮಾನ ಬಿಡದ ತಾತ ತಡವಾಗಿ ಬರುತ್ತಾನೆ. ಇಂಥವೇ ಸಿನಿಮಾ ತುಂಬ.

ಆ ದಿನ ಮನೆಗೆ ಇನ್ನೊಬ್ಬ ಬರುತ್ತಾನೆ. ಅವತ್ತು ಜುನ್‌ಪೇ ಉಳಿಸಿದ ಹುಡುಗ. ಈಗ ದಪ್ಪಗಾಗಿದ್ದಾನೆ, ಸರಿಯಾದ ಕೆಲಸ ಇಲ್ಲ, ಬೆವರುತ್ತಾ ಕೂರುತ್ತಾನೆ, ಎದ್ದು ಹೋಗೋಕೆ ಕಾಯುತ್ತಿರುತ್ತಾನೆ. ಮುಂದಿನ ವರ್ಷವೂ ಬರಲೇಬೇಕು ಅಂತ ಅಮ್ಮ ನಗುನಗುತ್ತಾ ಕಳಿಸಿಕೊಡುತ್ತಾಳೆ. ಪಾಪ, ಇನ್ನು ಕರೆಯೋದು ಸಾಕಲ್ವಾ ಅಂತ ರಾತ್ರಿ ಎರಡನೇ ಮಗ ಕೇಳುತ್ತಾನೆ. ಅಮ್ಮ ಕೈಯಲ್ಲಿ ನೂಲು ಹಿಡಿದು ಹೆಣೆಯುತ್ತಿರುತ್ತಾಳೆ. ಅದಕ್ಕೇ ಕರೆಯೋದು ಅನ್ನುತ್ತಾಳೆ. ದ್ವೇಷಿಸೋಕೂ ಯಾರೂ ಇಲ್ಲದಿದ್ದರೆ ನೋವು ಇನ್ನೂ ಜಾಸ್ತಿ, ವರ್ಷಕ್ಕೆ ಒಂದು ದಿನ ಅವನೂ ಅನುಭವಿಸಲಿ ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ದನಿ ಏರೋದಿಲ್ಲ. ಹೆಣೆಯೋದೂ ನಿಲ್ಲೋದಿಲ್ಲ. ಆ ಪಾತ್ರ ಮಾಡಿದ ಕಿಕಿ ಕಿರಿನ್ ಅವರನ್ನು ಅಲ್ಲಿಯವರೆಗೂ ನಾವು ‘ಎಂಥಾ ಮುದ್ದಾದ ಅಜ್ಜಿ’ ಅಂದುಕೊಂಡು ನೋಡಿರುತ್ತೇವೆ. ಜೋಳ ಕರಿದ ಕೈಯೂ ಅದೇ. ಎರಡೂ ನಿಜ. ಕೊಲೆ, ಓಟ, ಬಂದೂಕು ಇರುವ ಸಿನಿಮಾಗಳಲ್ಲಿ ನಾನು ಇಷ್ಟು ಬೆಚ್ಚಿದ್ದಿಲ್ಲ.

ಜಪಾನಿನ ಇನ್ನೊಬ್ಬ ದೊಡ್ಡ ನಿರ್ದೇಶಕ ಕುರೊಸಾವ? ಅವರ ‘ಸೆವೆನ್ ಸಮುರಾಯ್’ 207 ನಿಮಿಷ, ಬಿಡುವು ಮಾಡಿಕೊಂಡು ನೋಡಿ. ಅದಕ್ಕೂ ಮೊದಲು ‘ಇಕಿರು’ (1952). ಸಾಯುವ ಸರ್ಕಾರಿ ನೌಕರನ ಕಥೆ ಅಂತ ಹೆದರಬೇಡಿ. ಶುರುವಿನಲ್ಲೇ ಚರಂಡಿ ದೂರು ತಂದ ಹೆಂಗಸರನ್ನು ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಿಸುತ್ತಾ ಹೋಗುವ ಭಾಗ ನೋಡಿ ನಗದೇ ಇದ್ದರೆ ನೀವು ಯಾವತ್ತೂ ಸರ್ಕಾರಿ ಕಚೇರಿಗೆ ಹೋಗಿಲ್ಲ ಅಂತ ಅರ್ಥ.

ಡಬ್ಬಿಂಗ್ ಬಗ್ಗೆ ಒಂದು ಮಾತು. ಕಾರ್ಟೂನ್ ಆದರೆ ನನ್ನ ಅಭ್ಯಂತರ ಇಲ್ಲ, ಮಿಯಾಝಾಕಿಯ ‘ಮೈ ನೇಬರ್ ಟೊಟೊರೊ’ವನ್ನು ಪುಟ್ಟ ಮಕ್ಕಳಿಗೆ ಯಾವ ಭಾಷೆಯಲ್ಲಾದರೂ ತೋರಿಸಿ. (1988ರಲ್ಲಿ ಜಪಾನಿನಲ್ಲಿ ಅದನ್ನು ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಜೊತೆ ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಅಂತ ಬಿಡುಗಡೆ ಮಾಡಿದ್ದರು. ಯುದ್ಧದಲ್ಲಿ ಹಸಿವಿಗೆ ಸಿಕ್ಕ ಅಣ್ಣ ತಂಗಿ ಕಥೆಯ ಪಕ್ಕದಲ್ಲಿ ಟೊಟೊರೊ! ಯಾರ ತಲೆಗೆ ಹೊಳೆಯಿತೋ.) ಮನುಷ್ಯರು ನಟಿಸಿದ ಸಿನಿಮಾಕ್ಕೆ ಮಾತ್ರ ಡಬ್ಬಿಂಗ್ ಬೇಡ. ‘ದಿ ಲೈವ್ಸ್ ಆಫ್ ಅದರ್ಸ್’ (2006) ನೋಡಿ. ಪೂರ್ವ ಜರ್ಮನಿಯ ಗುಪ್ತಪೊಲೀಸ್ ಒಬ್ಬ ತಲೆಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬ ನಾಟಕಕಾರನ ಮನೆಯ ಮಾತೆಲ್ಲ ಕದ್ದು ಕೇಳುತ್ತಾನೆ. ಆ ಪಾತ್ರ ಮಾಡಿದ ಉಲ್ರಿಶ್ ಮ್ಯೂಅ ಮುಖದಲ್ಲಿ ಏನೂ ಕದಲೋದಿಲ್ಲ, ಇರೋದೆಲ್ಲ ಕಣ್ಣಲ್ಲಿ ಮತ್ತು ಆ ಸಪ್ಪೆ ದನಿಯಲ್ಲಿ. ಆ ದನಿ ತೆಗೆದು ಬೇರೆಯವರದ್ದು ಹಾಕಿದರೆ ಅರ್ಧ ನಟನೆ ಹೋಯಿತು.

ರೀಮೇಕ್ ವಿಷಯವೂ ಹಾಗೇ. ಹಾಂಗ್‌ಕಾಂಗ್‌ನ ‘ಇನ್ಫರ್ನಲ್ ಅಫೇರ್ಸ್’ (2002) ಹೇಳಿದ ಕಥೆಯನ್ನೇ ಹಾಲಿವುಡ್ ‘ದಿ ಡಿಪಾರ್ಟೆಡ್’ ಅಂತ ಹೇಳೋಕೆ ಮುಕ್ಕಾಲು ಗಂಟೆ ಜಾಸ್ತಿ ತಗೊಂಡಿತು. ಉದ್ದ ಮಾಡಿದರೆ ಚೆನ್ನಾಗುತ್ತದೆ ಅನ್ನೋ ಭ್ರಮೆ ಮೂಲದವರಿಗೂ ಇರುತ್ತದೆ. ‘ಸಿನಿಮಾ ಪ್ಯಾರಡೀಸೋ’ (1988) ಇಟಲಿಯಲ್ಲಿ ಮೊದಲು ಬಂದಾಗ ಓಡಲಿಲ್ಲ. ಕತ್ತರಿಸಿ ಎರಡು ಗಂಟೆಗೆ ಇಳಿಸಿದ ಮೇಲೆ ಕಾನ್‌ನಲ್ಲೂ ಆಸ್ಕರ್‌ನಲ್ಲೂ ಗೆದ್ದಿತು. ಆಮೇಲೆ ನಿರ್ದೇಶಕರು ಸುಮಾರು ಮೂರು ಗಂಟೆಯ ಆವೃತ್ತಿ ಹೊರತಂದರು. ಅದರಲ್ಲಿ ಎಲ್ಲಕ್ಕೂ ಕಾರಣ ವಿವರಿಸಿ ಹೇಳುತ್ತಾರೆ, ಚಿಕ್ಕದರಲ್ಲಿ ಊಹೆಗೆ ಬಿಟ್ಟದ್ದನ್ನೆಲ್ಲ. ಚಿಕ್ಕದನ್ನೇ ನೋಡಿ.

ಆಫ್ರಿಕಾದ ಸಿನಿಮಾ ನಮ್ಮ ಪಟ್ಟಿಗಳಲ್ಲಿ ಬರೋದೇ ಕಮ್ಮಿ. ಸೆನೆಗಲ್‌ನ ಉಸ್ಮಾನ್ ಸೆಂಬೇನ್ ಹಿಂದೆ ಫ್ರಾನ್ಸಿನ ಬಂದರಿನಲ್ಲಿ ಮೂಟೆ ಹೊತ್ತವರು. ಅವರ ‘ಬ್ಲ್ಯಾಕ್ ಗರ್ಲ್’ (1966) ಒಂದು ಗಂಟೆ ಆಸುಪಾಸಿನದ್ದು, ಫ್ರೆಂಚ್ ದಂಪತಿಯ ಮನೆಗೆಲಸಕ್ಕೆ ಹೋದ ಹುಡುಗಿಯ ಕಥೆ. ‘ಟಿಂಬಕ್ಟು’ (2014) ಮಾರಿಟೇನಿಯಾದ ಸಿನಿಮಾ, ಕಥೆ ನಡೆಯೋದು ಮಾಲಿ ದೇಶದಲ್ಲಿ, ಬಂದೂಕು ಹಿಡಿದವರು ಊರನ್ನು ವಶ ಮಾಡಿಕೊಂಡು ಹಾಡು, ಫುಟ್‌ಬಾಲ್ ಎಲ್ಲ ನಿಷೇಧಿಸಿದ್ದಾರೆ. ಹುಡುಗರು ಚೆಂಡೇ ಇಲ್ಲದೆ ಆಡುತ್ತಾರೆ. ಪಾಸ್ ಮಾಡುತ್ತಾರೆ, ಗೋಲ್ ಹೊಡೆಯುತ್ತಾರೆ, ಗೋಲ್‌ಕೀಪರ್ ಹಾರಿ ಬೀಳುತ್ತಾನೆ. ಕಾವಲಿನವರು ಮೋಟಾರ್‌ಸೈಕಲ್ಲಿನಲ್ಲಿ ಬಂದರೆ ಎಲ್ಲರೂ ವ್ಯಾಯಾಮ ಮಾಡುವವರ ಹಾಗೆ ನಿಂತುಬಿಡುತ್ತಾರೆ. ಸಿನಿಮಾ ಪೂರ್ತಿ ನೋಡೋಕೆ ಆಗದಿದ್ದರೂ ಆ ಒಂದು ಆಟ ನೋಡಿ.

ಇನ್ನು ಹೇಗೆ ನೋಡೋದು ಅಂದರೆ, ದೇಶ ಹಿಡಿದು ಹೋಗಬೇಡಿ, ನಿರ್ದೇಶಕರನ್ನು ಹಿಡಿದು ಹೋಗಿ. ‘ಒಂದು ಫ್ರೆಂಚ್ ಆಯ್ತು, ಒಂದು ಜರ್ಮನ್ ಆಯ್ತು’ ಅಂತ ಟಿಕ್ ಹಾಕಿದರೆ ಏನೂ ದಕ್ಕೋದಿಲ್ಲ. ಒಬ್ಬರು ಹಿಡಿಸಿದರೆ ಅವರದ್ದೇ ಇನ್ನೆರಡು ನೋಡಿ. ಫೋನ್ ಬೇರೆ ರೂಮಿನಲ್ಲಿಡಿ. ಕೆಲಸ ಮಾಡ್ತಾ ಕೇಳಿಸಿಕೊಳ್ಳೋ ಸಿನಿಮಾಗಳಲ್ಲ ಇವು, ಕಣ್ಣು ತೆಗೆದರೆ ಮಾತೇ ತಪ್ಪಿಹೋಗುತ್ತದೆ. ಒಂದು ಲೆಕ್ಕದಲ್ಲಿ ಅದು ಸಬ್‌ಟೈಟಲ್ ಮಾಡುವ ಉಪಕಾರ.

ಇಷ್ಟೂ ಹಿಡಿಸಿದವರಿಗೆ ‘ಯಿ ಯಿ’ ಇದೆ. ತೈವಾನ್, 2000, ನಿರ್ದೇಶಕ ಎಡ್ವರ್ಡ್ ಯಾಂಗ್, 173 ನಿಮಿಷ. ಮದುವೆಯಿಂದ ಶುರುವಾಗಿ ಸಾವಿನ ಮನೆಯಲ್ಲಿ ಮುಗಿಯುವ ಒಂದು ಕುಟುಂಬದ ಕಥೆ. ಅಜ್ಜಿ ಪ್ರಜ್ಞೆ ತಪ್ಪಿ ಮಲಗಿದ್ದಾಳೆ, ದಿನಾ ಅವಳ ಜೊತೆ ಮಾತಾಡಿ ಅಂತ ಡಾಕ್ಟರು ಹೇಳಿದ್ದಾರೆ. ಮಗಳು ಕೂತು ಮಾತಾಡೋಕೆ ಹೋಗಿ ಅಳುತ್ತಾಳೆ, ಹೇಳೋಕೆ ತನ್ನ ಹತ್ತಿರ ಏನೂ ಇಲ್ಲ, ದಿನಾ ಅದೇ ಬದುಕು, ಒಂದು ನಿಮಿಷಕ್ಕೇ ಮುಗಿದುಹೋಗುತ್ತದೆ ಅಂತ. ಎಂಟು ವರ್ಷದ ಮೊಮ್ಮಗ ಯಾಂಗ್-ಯಾಂಗ್ ಕ್ಯಾಮೆರಾ ಹಿಡಿದು ಎಲ್ಲರ ತಲೆಯ ಹಿಂಭಾಗದ ಫೋಟೊ ತೆಗೆಯುತ್ತಾನೆ. ನಿಮಗೆ ನೀವೇ ನೋಡಿಕೊಳ್ಳೋಕಾಗಲ್ಲ, ಅದಕ್ಕೆ ತೋರಿಸ್ತಿದ್ದೀನಿ ಅಂತ. ಎಡ್ವರ್ಡ್ ಯಾಂಗ್ 2007ರಲ್ಲಿ ತೀರಿಕೊಂಡರು, ಇದೇ ಅವರ ಕೊನೆಯ ಸಿನಿಮಾ.

ಅಪ್ಪ ಅಮ್ಮನ ಜೊತೆ ನೋಡೋದಾದರೆ ‘ಟೋಕಿಯೋ ಸ್ಟೋರಿ’, ಆದರೆ ಆಮೇಲೆ ಸ್ವಲ್ಪ ಹೊತ್ತು ಕಣ್ಣು ತಪ್ಪಿಸಿಕೊಂಡು ಓಡಾಡಬೇಕಾಗುತ್ತದೆ. ಮಕ್ಕಳ ಜೊತೆ ‘ಚಿಲ್ಡ್ರನ್ ಆಫ್ ಹೆವನ್’. ಸ್ನೇಹಿತರು ಸೇರಿದಾಗ ‘ವೈಲ್ಡ್ ಟೇಲ್ಸ್’. ಒಬ್ಬರೇ ಇದ್ದಾಗ ‘ಸ್ಟಿಲ್ ವಾಕಿಂಗ್’. ಇನ್ನು ಕೊರಿಯಾದ ‘ಓಲ್ಡ್‌ಬಾಯ್’ (2003) ಬಿಟ್ಟೆಯಲ್ಲ ಅಂತ ಯಾರಾದರೂ ಕೇಳುತ್ತಾರೆ, ಗೊತ್ತು. ಜಬರ್ದಸ್ತ್ ಸಿನಿಮಾ, ಖಂಡಿತ ನೋಡಿ. ಅಪ್ಪ ಅಮ್ಮನ ಜೊತೆ ಮಾತ್ರ ಬೇಡ. ಯಾಕೆ ಅಂತ ಕೇಳಬೇಡಿ.